ಹೊಸ ಕೆಲಸಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆ: ನನ್ನ ವರದಿಯನ್ನು ತಡೆಹಿಡಿದಿದ್ದಾರೆ, ಮುಂದೇನು ಮಾಡಲಿ?

ತಂತಿಬಲ್ಲವ

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷಗಳಿಂದ ವಿದ್ಯುತ್ ನಿರ್ವಹಣೆಯ ಕೆಲಸ ಮಾಡುತ್ತಿದ್ದೇನೆ. ಈಗ ಇನ್ನೊಂದು ದೊಡ್ಡ ಕಾರ್ಖಾನೆಯಲ್ಲಿ ನಿರ್ವಹಣಾ ತಂತ್ರಜ್ಞನ ಹುದ್ದೆಗೆ ಆಯ್ಕೆಯಾಗಿ ಆಫರ್ ಲೆಟರ್ ಕೈಗೆ ಬಂದಿದೆ. ವೈದ್ಯಕೀಯ ತಪಾಸಣೆಯಲ್ಲಿ ಅರ್ಹನೆಂದು ಕಂಡುಬಂದರೆ ಮಾತ್ರ ನೇಮಕಾತಿ ಊರ್ಜಿತವಾಗುತ್ತದೆ ಎಂಬ ಷರತ್ತು ಅದರಲ್ಲಿತ್ತು. ನನಗೆ ಜ್ವರ ಬಂದು ಮಲಗಿದ ನೆನಪೇ ಇಲ್ಲವಾದ್ದರಿಂದ ಆ ಸಾಲನ್ನು ನಾನು ಗಂಭೀರವಾಗಿ ಪರಿಗಣಿಸಿರಲಿಲ್ಲ.

ತಪಾಸಣೆ ಮೊನ್ನೆ ನಡೆಯಿತು. ರಾತ್ರಿ ಪಾಳಿ ಮುಗಿಸಿ, ಜನರೇಟರ್ ಕೊಠಡಿಯಿಂದ ನೇರವಾಗಿ ಅಲ್ಲಿಗೆ ಹೋದೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ಕಿವಿ, ಕಣ್ಣು ಎಲ್ಲವನ್ನೂ ನೋಡಿದರು. ಬಿ.ಪಿ. 154/96 ಬಂತು, ಐದು ನಿಮಿಷ ಬಿಟ್ಟು ನೋಡಿದಾಗ 150/94 ಇತ್ತು. ಆಮೇಲೆ ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಮುಂದೆ ಹಿಡಿದರು. ಮೊದಲ ಪುಟದಲ್ಲಿ 12 ಎಂದು ಸರಿಯಾಗಿಯೇ ಓದಿದೆ. ಮುಂದೆ ಒಂದು ಪುಟದಲ್ಲಿ 21 ಎಂದು ಹೇಳಿದಾಗ ಶುಶ್ರೂಷಕಿ ನನ್ನ ಮುಖ ನೋಡಿ, ಪುಟವನ್ನು ಬೆಳಕಿಗೆ ಸರಿಯಾಗಿ ಹಿಡಿದು ಮತ್ತೆ ಕೇಳಿದರು. ನಾನು ಮತ್ತೆ 21 ಎಂದೇ ಹೇಳಿದೆ. ಅಲ್ಲಿದ್ದ ಸಂಖ್ಯೆ 74 ಎಂದು ನನಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ. ಒಂಬತ್ತು ವರ್ಷ ತಂತಿಗಳ ನಡುವೆಯೇ ಬದುಕಿದವನಿಗೆ ಇದು ಎಂಥ ಆಘಾತ ಎಂಬುದನ್ನು ನೀವು ಊಹಿಸಬಹುದು.

ಇನ್ನೊಂದು ವಿಷಯವೂ ಇದೆ. ಆರೋಗ್ಯ ವಿವರದ ಫಾರ್ಮ್‌ನಲ್ಲಿ 'ಎಂದಾದರೂ ಮೂರ್ಛೆ ಅಥವಾ ಫಿಟ್ಸ್ ಬಂದಿತ್ತೇ' ಎಂಬ ಪ್ರಶ್ನೆಯಿತ್ತು. ನನಗೆ ಎರಡು ವರ್ಷವಾಗಿದ್ದಾಗ ಜೋರು ಜ್ವರದಲ್ಲಿ ಒಮ್ಮೆ ಫಿಟ್ಸ್ ಬಂದಿತ್ತೆಂದು ಅಮ್ಮ ಹೇಳುತ್ತಿದ್ದರು. ಏನು ಬರೆಯಬೇಕೆಂದು ತೋಚದೆ ಆ ಜಾಗವನ್ನು ಖಾಲಿ ಬಿಟ್ಟೆ. ಈಗ ಅವರಿಂದ ಬಂದಿರುವ ಉತ್ತರ ಒಂದೇ ಸಾಲಿನದು: 'ಪ್ರಮಾಣಪತ್ರವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ.' ಈ ವಾರದೊಳಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡದಿದ್ದರೆ ಹೊಸ ಕಡೆ ಹೇಳಿದ ದಿನಕ್ಕೆ ಸೇರಲಾಗುವುದಿಲ್ಲ. ಕೆಲಸ ಕೈತಪ್ಪಿತೆಂದೇ ತಿಳಿಯಬೇಕೇ? ಖಾಲಿ ಬಿಟ್ಟ ಪ್ರಶ್ನೆಗೆ ಈಗ ಏನು ಮಾಡಲಿ? ಬಲ್ಲವರು ದಯವಿಟ್ಟು ತಿಳಿಸಿ.

ನೇಮಕಾತಿ ವಿಭಾಗ

ಉಳಿದದ್ದನ್ನು ವೈದ್ಯರು ಹೇಳಲಿ. ತುರ್ತಾದ ಒಂದು ಮಾತನ್ನು ಮಾತ್ರ ಮೊದಲು ಹೇಳಿಬಿಡುತ್ತೇನೆ. ಅರ್ಹತಾ ಪ್ರಮಾಣಪತ್ರ ಲಿಖಿತವಾಗಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. 'ವೈದ್ಯಕೀಯ ವರದಿ ಬಾಕಿಯಿರುವುದರಿಂದ ಸೇರುವ ದಿನಾಂಕವನ್ನು ಮುಂದೂಡಬೇಕೆಂದು ಕೋರುತ್ತೇನೆ' ಎಂದು ಇವತ್ತೇ ಒಂದು ಇಮೇಲ್ ಕಳುಹಿಸಿ. ಹನ್ನೊಂದು ವರ್ಷಗಳಿಂದ ನೇಮಕಾತಿಯ ಕೆಲಸದಲ್ಲಿದ್ದೇನೆ. ತಪಾಸಣೆಯ ಕಾರಣಕ್ಕೆ ಸೇರುವ ದಿನವನ್ನು ಎರಡು ಮೂರು ವಾರ ಮುಂದಕ್ಕೆ ಹಾಕಿಕೊಟ್ಟದ್ದು ಎಷ್ಟೋ ಸಲ. ಆದರೆ ಹಳೆಯ ಕೆಲಸ ಬಿಟ್ಟು, ಹೊಸದೂ ಸಿಗದೆ, ನನ್ನ ಮೇಜಿನ ಮುಂದೆ ಬಂದು ಕುಳಿತವರಿಗೆ ನನ್ನಿಂದ ಯಾವ ಸಹಾಯವನ್ನೂ ಮಾಡಲು ಆಗಿಲ್ಲ. ಆ ಸಂಕಟ ನಿಮಗೆ ಬೇಡ.

ಉದ್ಯೋಗವೈದ್ಯೆ

ತಂತಿಬಲ್ಲವ ಅವರೇ, ನಾನು ಔದ್ಯೋಗಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ಕಡತವನ್ನು ನಾನು ನೋಡಿಲ್ಲವಾದ್ದರಿಂದ ತೀರ್ಪು ಕೊಡಲಾರೆ. ಆದರೆ ನೀವು ಬರೆದಿರುವುದರಲ್ಲಿ ಕೆಲಸ ಕೈತಪ್ಪಿತೆಂದು ತಿಳಿಯುವಂಥದ್ದು ನನಗೇನೂ ಕಾಣುತ್ತಿಲ್ಲ.

'ತಡೆಹಿಡಿಯಲಾಗಿದೆ' ಎಂದರೆ 'ಅನ್‌ಫಿಟ್' ಎಂದಲ್ಲ. ನಮ್ಮ ಬರಹದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ತೀರ್ಮಾನಗಳಿರುತ್ತವೆ: ಅರ್ಹ, ಷರತ್ತಿನೊಂದಿಗೆ ಅರ್ಹ, ಸದ್ಯಕ್ಕೆ ಅನರ್ಹ, ಈ ಕೆಲಸಕ್ಕೆ ಅನರ್ಹ. ಕೊನೆಯದನ್ನು ಬರೆಯುವಾಗಲೂ 'ಈ ಕೆಲಸಕ್ಕೆ' ಎಂಬ ಮಾತು ಅಲ್ಲಿರಲೇಬೇಕು. ಯಾವ ಕೆಲಸಕ್ಕೆ ಎಂದು ಹೇಳದೆ ಮನುಷ್ಯನನ್ನು ಅರ್ಹ ಅಥವಾ ಅನರ್ಹ ಎನ್ನುವುದು ಅರ್ಥವಿಲ್ಲದ ಮಾತು. ಕುಳಿತು ಲೆಕ್ಕ ಬರೆಯುವವರಿಗೂ, ಎತ್ತರದ ಕಂಬ ಹತ್ತುವವರಿಗೂ, ಕ್ರೇನ್ ನಡೆಸುವವರಿಗೂ ಒಂದೇ ಅಳತೆಗೋಲು ಹಿಡಿದರೆ ತಪಾಸಣೆಗೆ ಬೆಲೆಯೇ ಇಲ್ಲ. ತಪಾಸಣೆಯ ಉದ್ದೇಶ ಮೂರು: ನೀವು ಈ ಕೆಲಸವನ್ನು ನಿಮಗೂ ಪಕ್ಕದವರಿಗೂ ಅಪಾಯವಾಗದಂತೆ ಮಾಡಬಲ್ಲಿರೇ ಎಂದು ನೋಡುವುದು, ಕೆಲಸವನ್ನು ನಿಮಗೆ ತಕ್ಕಂತೆ ಹೇಗೆ ಹೊಂದಿಸಬಹುದೆಂದು ಹೇಳುವುದು, ಸೇರುವ ದಿನದಲ್ಲಿ ನಿಮ್ಮ ಕಿವಿ, ಶ್ವಾಸಕೋಶ, ಕಣ್ಣು ಹೇಗಿದ್ದವೆಂದು ದಾಖಲಿಸಿಡುವುದು. ಮೂರನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೌಕರನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಬಿ.ಪಿ. ವಿಷಯಕ್ಕೆ ಬರುತ್ತೇನೆ. ರಾತ್ರಿಯಿಡೀ ನಿದ್ದೆಗೆಟ್ಟು, ಕೆಲಸ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕುಳಿತವರ ಬಿ.ಪಿ. 154 ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ನಾನು ದಿನವೂ ನೋಡುವ ದೃಶ್ಯ ಹೀಗಿರುತ್ತದೆ: ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಬರುತ್ತಾರೆ, ಕುರ್ಚಿಯ ಅಂಚಿನಲ್ಲಿ ಬೆನ್ನು ತಾಗಿಸದೆ ಕೂರುತ್ತಾರೆ, ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಲೇ ಇನ್ನೊಂದು ಕೈಯನ್ನು ಪಟ್ಟಿಗೆ ಚಾಚುತ್ತಾರೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ತೋಳು ಹೃದಯದ ಮಟ್ಟಕ್ಕೆ ಬರುವಂತೆ ಇಟ್ಟುಕೊಂಡು, ಮಾತಾಡದೆ ಅಳೆಸಿಕೊಂಡರೆ ಅದೇ ವ್ಯಕ್ತಿಯ ಅಂಕಿ ಕೆಳಗಿಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಸಿಗರೇಟು ಕೂಡದು. ಮೂತ್ರ ಕಟ್ಟಿಕೊಂಡು ಕೂರಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಂಕಿ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ದಿನವಿಡೀ ತೋಳಿಗೆ ಕಟ್ಟಿಕೊಂಡಿರುವ 24 ಗಂಟೆಗಳ ಬಿ.ಪಿ. ಮಾಪನವನ್ನು ಮಾಡಿಸಿಕೊಳ್ಳಲು ಅವಕಾಶ ಕೇಳಿ. ಎಚ್ಚರವಿರುವ ಹೊತ್ತಿನ ಸರಾಸರಿ 135/85ಕ್ಕಿಂತ ಕಡಿಮೆಯಿದ್ದರೆ, ಏರಿದ್ದು ವೈದ್ಯರ ಮುಂದೆ ಮಾತ್ರ ಎಂದು ತಿಳಿಯಬಹುದು. ನಿಜವಾಗಿಯೇ ಹೆಚ್ಚಿದ್ದರೂ, ಗುಳಿಗೆಯಿಂದ ಹತೋಟಿಗೆ ಬಂದ ಬಿ.ಪಿ. ಬಹುತೇಕ ಯಾವ ಕೆಲಸಕ್ಕೂ ಅಡ್ಡಿಯಲ್ಲ. ಅಂಥ ಸಂದರ್ಭದಲ್ಲಿ ಈ ತಪಾಸಣೆ ನಿಮಗೆ ಉಪಕಾರವನ್ನೇ ಮಾಡಿದಂತಾಯಿತು.

ಈಗ ಆ ಖಾಲಿ ಜಾಗದ ಮಾತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುವುದುಂಟು. ಅದು ಅಪಸ್ಮಾರವಲ್ಲ, ಬಹುಪಾಲು ಮಕ್ಕಳಲ್ಲಿ ವಯಸ್ಸಾಗುತ್ತಾ ಅದು ಹೇಳಹೆಸರಿಲ್ಲದೆ ಹೋಗುತ್ತದೆ. ನೀವು 'ಹೌದು, ಎರಡು ವರ್ಷದವನಿದ್ದಾಗ, ಜ್ವರದಲ್ಲಿ, ಒಂದೇ ಸಲ. ಆಮೇಲೆ ಎಂದೂ ಇಲ್ಲ, ಔಷಧಿಯೂ ಇಲ್ಲ' ಎಂದು ಬರೆದಿದ್ದರೆ ವೈದ್ಯರು ಅದನ್ನೋದಿ ಒಂದು ಸಾಲಿನ ಟಿಪ್ಪಣಿ ಹಾಕಿ ಮುಂದೆ ಹೋಗುತ್ತಿದ್ದರು. ಖಾಲಿ ಬಿಟ್ಟದ್ದರಿಂದ ಅವರು ದೊಡ್ಡದೇನೋ ಇರಬಹುದೆಂದು ಊಹಿಸಬೇಕಾಯಿತು, ಏಕೆಂದರೆ ಎತ್ತರದಲ್ಲಿ ಅಥವಾ ಜೀವಂತ ತಂತಿಯ ಬಳಿ ಕೆಲಸ ಮಾಡುವವರಿಗೆ ಏಕಾಏಕಿ ಪ್ರಜ್ಞೆ ತಪ್ಪುವುದು ಪ್ರಾಣಾಪಾಯದ ಸಂಗತಿ. ನಾಳೆಯೇ ಹೋಗಿ ಆ ಸಾಲನ್ನು ತುಂಬಿ, ದಿನಾಂಕ ಹಾಕಿ, ಸಹಿ ಮಾಡಿ.

ಹಸಿರುಕಂದು

ಬಣ್ಣದ ವಿಷಯ ನನಗೆ ಬಿಡಿ. ನಾನೂ 74 ಇರುವಲ್ಲಿ 21 ಓದುವವನೇ.

ಚುಕ್ಕೆಗಳ ಆ ಪುಸ್ತಕವನ್ನು ರೂಪಿಸಿದವರು ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರ. ಮೊದಲು ಪ್ರಕಟವಾದದ್ದು 1917ರಲ್ಲಿ. ಮೊದಲ ಪುಟದ 12 ಎಲ್ಲರಿಗೂ ಕಾಣುವಂತೆಯೇ ಇರುತ್ತದೆ. ಸೂಚನೆ ಅರ್ಥವಾಯಿತೇ, ಓದಲು ಬರುತ್ತದೆಯೇ ಎಂದು ನೋಡುವುದಕ್ಕೆ ಅದು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸುವುದರಲ್ಲಿ ದುರ್ಬಲವಾಗಿರುವ ಕಣ್ಣಿಗೆ ಬೇರೆಯೇ ಸಂಖ್ಯೆ ಕಾಣುವ ಹಾಗೆ ಕೆಲವು ಪುಟಗಳನ್ನು ಮಾಡಿದ್ದಾರೆ. ಆದ್ದರಿಂದ ನೀವು ತಪ್ಪು ಓದಲಿಲ್ಲ. ನಿಮ್ಮ ಕಣ್ಣಿಗೆ ಅಲ್ಲಿ ಇದ್ದದ್ದೇ 21.

ಇದು ಸಾಮಾನ್ಯವಾಗಿ ಹುಟ್ಟಿನಿಂದ, ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬರುತ್ತದೆ. ಆ ಕಾರಣಕ್ಕೇ ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ತೀರಾ ಕಡಿಮೆ. ಉತ್ತರ ಯುರೋಪ್ ಮೂಲದ ಜನರಲ್ಲಿ ಗಂಡಸರ ಪೈಕಿ ಸುಮಾರು ನೂರಕ್ಕೆ 8 ಮಂದಿಗೆ ಇದೆ. ಬೇರೆ ಜನಸಮುದಾಯಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ರಸಾಯನವಿಜ್ಞಾನಿ ಜಾನ್ ಡಾಲ್ಟನ್ 1794ರಲ್ಲಿ ತನ್ನ ಕಣ್ಣಿನ ಇಂಥದ್ದೇ ದೋಷದ ಬಗ್ಗೆ ತಾನೇ ಪ್ರಬಂಧ ಓದುವ ಹೊತ್ತಿಗೆ ಅವರಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಅಂಥವರಿಗೇ ಅಷ್ಟು ತಡವಾಗಿ ತಿಳಿದ ಮೇಲೆ, ನಮಗೆ ಕೆಲಸದ ತಪಾಸಣೆಯಲ್ಲಿ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಬಣ್ಣದ ಪರೀಕ್ಷೆ ಮಾಡುವ ಪದ್ಧತಿಗೆ ಕಾರಣವಾದದ್ದು ರೈಲು. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ಸಿಬ್ಬಂದಿಯ ವರ್ಣಾಂಧತೆ ಇದಕ್ಕೆ ಕಾರಣವಾಗಿರಬಹುದೆಂದು ಶರೀರವಿಜ್ಞಾನಿ ಫ್ರಿಥಿಯೊಫ್ ಹೋಲ್ಮ್‌ಗ್ರೆನ್ ವಾದಿಸಿ, ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹೊಂದಿಸುವ ಪರೀಕ್ಷೆಯನ್ನು ಬಳಕೆಗೆ ತಂದರು. ಅವರ ವಾದದ ಬಗ್ಗೆ ಆಮೇಲೆ ಅನುಮಾನಗಳೆದ್ದವು, ಪರೀಕ್ಷೆಯಂತೂ ಉಳಿಯಿತು. ರೈಲಿನ ಸಿಗ್ನಲ್ ಕೆಲಸಕ್ಕೆ ನಾನು ಅರ್ಜಿ ಹಾಕಿದಾಗ ತಿರಸ್ಕರಿಸಿದರು. ಆಗ ಬಹಳ ಅತ್ತಿದ್ದೆ. ಇವತ್ತು ಯೋಚಿಸಿದರೆ ಅವರು ಮಾಡಿದ್ದು ಸರಿ, ಏಕೆಂದರೆ ಮಂಜಿನಲ್ಲಿ ದೂರದ ಒಂದು ದೀಪದ ಬಣ್ಣ ಬಿಟ್ಟರೆ ಚಾಲಕನಿಗೆ ಬೇರೆ ಯಾವ ಗುರುತೂ ಇರುವುದಿಲ್ಲ.

ಆದರೆ ನಿಮ್ಮ ಕೆಲಸ ಬೇರೆ. ಇಶಿಹಾರ ಪುಸ್ತಕ ದೋಷವನ್ನು ಪತ್ತೆ ಹಚ್ಚುತ್ತದೆಯೇ ಹೊರತು ಎಷ್ಟಿದೆ ಎಂದು ಸರಿಯಾಗಿ ಅಳೆಯುವುದಿಲ್ಲ. ಅದಕ್ಕೆ ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಫಾರ್ನ್ಸ್‌ವರ್ತ್ ಡಿ-15 ಪರೀಕ್ಷೆ, ಅನಾಮಲೋಸ್ಕೋಪ್ ಎಂಬ ಉಪಕರಣ ಇವೆಲ್ಲ ಇವೆ. ಅವಕ್ಕಿಂತಲೂ ಮುಖ್ಯವಾಗಿ, ನಿಮ್ಮದೇ ಕೆಲಸದ ತಂತಿಗಳನ್ನು, ನಿಮ್ಮದೇ ಕೆಲಸದ ಬೆಳಕಿನಲ್ಲಿ ಗುರುತಿಸಲು ಕೊಡಿ ಎಂದು ಕೇಳಿ. ನನ್ನನ್ನು ಈಗಿನ ಕೆಲಸಕ್ಕೆ ತೆಗೆದುಕೊಂಡದ್ದು ಹಾಗೆಯೇ. ಒಂದು ಕಟ್ಟು ತಂತಿ ಕೈಗಿಟ್ಟರು. ಹಸಿರು ಹಳದಿ ಪಟ್ಟೆಯ ಭೂಸಂಪರ್ಕದ ತಂತಿ ಪಟ್ಟೆಯಿಂದಲೇ ತಿಳಿಯಿತು. ನೀಲಿಯಲ್ಲಿ ತೊಂದರೆಯೇ ಆಗಲಿಲ್ಲ. ಮಬ್ಬು ಬೆಳಕಿನಲ್ಲಿ ಕಂದನ್ನೂ ಸಾದಾ ಹಸಿರನ್ನೂ ಎರಡು ಸಲ ಅದಲುಬದಲು ಹೇಳಿದೆ. ಅದನ್ನು ಹಾಗೆಯೇ ಬರೆದುಕೊಂಡು, ಹಲವು ಎಳೆಗಳ ಕಂಟ್ರೋಲ್ ಕೇಬಲ್ ಜೋಡಣೆಯನ್ನು ಒಬ್ಬನೇ ಮಾಡಬಾರದೆಂಬ ಷರತ್ತು ಹಾಕಿದರು. ಎಳೆಗಳಿಗೆ ಸಂಖ್ಯೆಯ ಉಂಗುರ ಹಾಕುವ ಅಭ್ಯಾಸ ಅಲ್ಲಿಂದ ಶುರುವಾಯಿತು. ಈಗ ನಮ್ಮ ತಂಡದವರೆಲ್ಲ ಹಾಗೆಯೇ ಮಾಡುತ್ತಾರೆ. ನಿಮ್ಮ ಒಂಬತ್ತು ವರ್ಷದ ಅನುಭವದಲ್ಲೂ ನಿಮಗೇ ಅರಿವಿಲ್ಲದ ಇಂಥ ಉಪಾಯಗಳು ಇದ್ದೇ ಇರುತ್ತವೆ. ಅವು ಯಾವುವೆಂದು ಕುಳಿತು ಪಟ್ಟಿ ಮಾಡಿ. ವೈದ್ಯರ ಮುಂದೆ ಹೇಳಲು ಬೇಕಾಗುತ್ತದೆ.

ಪ್ರಯೋಗಾಲಯದಿಂದ

ತಂತಿಬಲ್ಲವ ಅವರು ಜನರೇಟರ್ ಕೊಠಡಿಯಿಂದ ನೇರವಾಗಿ ಬಂದೆ ಎಂದು ಬರೆದದ್ದನ್ನು ಯಾರೂ ಗಮನಿಸಿದಂತಿಲ್ಲ. ಕಿವಿಯ ಪರೀಕ್ಷೆಯನ್ನು ಅವರು ಮತ್ತೆ ಮಾಡಿಸಿಕೊಳ್ಳಲೇಬೇಕು. ಜೋರು ಸದ್ದಿನ ನಡುವೆ ಪಾಳಿ ಮುಗಿಸಿದವರ ಕಿವಿ ಕೆಲವು ಗಂಟೆಗಳ ಕಾಲ ಮಂದವಾಗಿರುತ್ತದೆ. ಆ ಹೊತ್ತಿನಲ್ಲಿ ತೆಗೆದ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳಿಸಿಕೊಳ್ಳುತ್ತದೆಂಬುದರ ನಕ್ಷೆ, ನಿಜವಾದ ಶ್ರವಣಶಕ್ತಿಯನ್ನು ತೋರಿಸುವುದಿಲ್ಲ. ಮೂಲ ದಾಖಲೆಯ ಆಡಿಯೋಗ್ರಾಮ್‌ಗೆ ಮುನ್ನ 14 ಗಂಟೆ ಕಾಲ ಕೆಲಸದ ಸ್ಥಳದ ಸದ್ದಿನಿಂದ ದೂರವಿರಬೇಕೆಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮದಲ್ಲಿ ಬರೆದಿಟ್ಟ ಮಾತು. ನಾವೂ ಅದನ್ನೇ ಪಾಲಿಸುತ್ತೇವೆ. ಇದರಲ್ಲಿ ಎರಡು ರೀತಿಯ ನಷ್ಟವಿದೆ. ಈಗ ಕಿವಿ ಮಂದವೆಂದು ದಾಖಲಾದರೆ ಕೆಲಸಕ್ಕೆ ತೊಡಕಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದೆ ಹೊಸ ಕಾರ್ಖಾನೆಯ ಸದ್ದಿನಿಂದ ನಿಜವಾಗಿಯೇ ಶ್ರವಣಶಕ್ತಿ ಕುಂದಿದಾಗ, 'ಸೇರುವಾಗಲೇ ಹೀಗಿತ್ತಲ್ಲ' ಎಂದುಬಿಡಲು ಕಾಗದದ ಆಧಾರ ಸಿಕ್ಕಿಬಿಡುತ್ತದೆ. ಸದ್ದಿನ ಹಾನಿ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ತಗ್ಗಿನಲ್ಲಿ. ನಿಮ್ಮ ನಕ್ಷೆಯಲ್ಲಿ ಆ ಜಾಗವನ್ನು ನೋಡಿಕೊಳ್ಳಿ.

ಮಾದರಿ ಕೊಡುವುದರಲ್ಲಿ ಜನ ಮಾಡುವ ತಪ್ಪುಗಳನ್ನು ದಿನವೂ ನೋಡುವುದರಿಂದ ಒಂದೆರಡು ಮಾತು. ಖಾಲಿ ಹೊಟ್ಟೆಯ ಶುಗರ್‌ಗೆ ಕನಿಷ್ಠ ಎಂಟು ಗಂಟೆ ಏನೂ ತಿನ್ನಬಾರದು ಎಂದರೆ ನೀರನ್ನೂ ಕುಡಿಯದೆ ಬಂದು ತಲೆಸುತ್ತಿ ಬೀಳುವವರಿದ್ದಾರೆ, ನೀರು ಕುಡಿಯಬಹುದು. ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ, ಅದು ಹಿಂದಿನ ಎರಡು ಮೂರು ತಿಂಗಳ ಶುಗರ್‌ನ ಸರಾಸರಿಯನ್ನು ಹೇಳುತ್ತದೆ. ಹಾಗಾಗಿ ಹಿಂದಿನ ದಿನ ಮಾತ್ರ ಸಿಹಿ ಬಿಟ್ಟರೆ ಅದರಲ್ಲಿ ವ್ಯತ್ಯಾಸವಾಗದು. ಹಿಂದಿನ ದಿನ ವಿಪರೀತ ವ್ಯಾಯಾಮ ಮಾಡಿದ್ದರೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳಬಹುದು. ಮುಟ್ಟಿನ ದಿನಗಳಲ್ಲಿ ಮೂತ್ರದ ಮಾದರಿಯಲ್ಲಿ ರಕ್ತದ ಕಣಗಳು ಸೇರುತ್ತವೆ. ಸಂಕೋಚಪಡದೆ ಹೇಳಿದರೆ ನಾಲ್ಕು ದಿನ ಬಿಟ್ಟು ತೆಗೆದುಕೊಳ್ಳುತ್ತೇವೆ. ಮಾದಕ ವಸ್ತುಗಳ ಪರೀಕ್ಷೆಯಿದ್ದರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಸೇರಿದಂತೆ ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರನ್ನು ಮಾದರಿ ಕೊಡುವ ಮೊದಲೇ ಬರೆಸಿ. ವರದಿ ಬಂದ ಮೇಲೆ ಹೇಳಿದ್ದು ನೆಪದಂತೆ ಕೇಳಿಸುತ್ತದೆ.

ಉಸಿರು

ಖಾಲಿ ಬಿಟ್ಟ ಪ್ರಶ್ನೆಯ ಬಗ್ಗೆ ಡಾಕ್ಟರ್ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಖಾಲಿ ಬಿಡಲಿಲ್ಲ. 'ಆಸ್ತಮಾ ಇದೆಯೇ' ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಚಿಕ್ಕಂದಿನಲ್ಲಿ ಇತ್ತು, ದೊಡ್ಡವನಾದ ಮೇಲೆ ಇನ್‌ಹೇಲರ್ ಬೇಕಾಗಿದ್ದದ್ದು ಅಪರೂಪಕ್ಕೆ. ಕೆಲಸ ವಾಹನಗಳಿಗೆ ಬಣ್ಣ ಸಿಂಪಡಿಸುವುದು. ಮನೆಯಲ್ಲಿ ಎಲ್ಲರೂ ಆ ಸಂಬಳಕ್ಕೇ ಕಾದಿದ್ದರು.

ಆ ಬಣ್ಣದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಆರೋಗ್ಯವಂತರಲ್ಲೂ ಆಸ್ತಮಾ ಹುಟ್ಟಿಸಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಏಳನೆಯ ತಿಂಗಳಿಗೆ ಸಂಜೆಯಾದರೆ ಎದೆ ಬಿಗಿಯುತ್ತಿತ್ತು, ರಾತ್ರಿ ಎದ್ದು ಕಿಟಕಿಯ ಬಳಿ ಕೂರಬೇಕಾಗುತ್ತಿತ್ತು, ರಜೆಯ ದಿನಗಳಲ್ಲಿ ಹಗುರಾಗುತ್ತಿತ್ತು. ಕೊನೆಗೊಂದು ದಿನ ಸಿಂಪಡಣೆಯ ಕೊಠಡಿಯಲ್ಲೇ ಮಂಡಿಯೂರಿ ಕುಳಿತೆ. ಜೊತೆಯವರು ಮುಖಗವಸು ತೆಗೆದು ಹೊರಗೆ ಎಳೆದುಕೊಂಡು ಬಂದರು. ಚಿಕಿತ್ಸೆಯ ನೆರವಿಗೆ ಅರ್ಜಿ ಹಾಕಿದಾಗ, ನಾನೇ ಸಹಿ ಮಾಡಿದ ಆ 'ಇಲ್ಲ' ನನ್ನ ಮುಂದೆ ಬಂತು. ಕೆಲಸವೇ ರೋಗ ತಂದದ್ದೇ, ಮೊದಲಿದ್ದದ್ದೇ ಹೆಚ್ಚಾದದ್ದೇ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಸತ್ಯ ಬರೆದಿದ್ದರೆ ಆ ವಿಭಾಗಕ್ಕೆ ಬಹುಶಃ ತೆಗೆದುಕೊಳ್ಳುತ್ತಿರಲಿಲ್ಲ, ಬೇರೆ ವಿಭಾಗ ಕೊಡುತ್ತಿದ್ದರೇನೋ. ಒಂದು ಸಂಬಳಕ್ಕಾಗಿ ಉಸಿರು ಕೊಟ್ಟೆ. ತಂತಿಬಲ್ಲವ ಅವರೇ, ನಾಳೆಗೆ ಮುಂದೂಡಬೇಡಿ, ಹೋಗಿ ತುಂಬಿ ಬನ್ನಿ.

ಉದ್ಯೋಗವೈದ್ಯೆ

ಉಸಿರು ಅವರೇ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ಬಲ್ಲೆ. ಒಂದು ಮಾತು ಸೇರಿಸುತ್ತೇನೆ. ರಜೆಯ ದಿನ ಹಗುರಾಗುತ್ತಿತ್ತು, ಕೆಲಸದ ದಿನ ಬಿಗಿಯುತ್ತಿತ್ತು ಎಂಬುದು ರೋಗನಿರ್ಣಯದಲ್ಲಿ ಬಹಳ ತೂಕವುಳ್ಳ ಮಾತು. ಹಾಗೆ ಕೊಳವೆಗೆ ಜೋರಾಗಿ ಊದಿ ದಿನದಿನವೂ ಅಳೆದ ಉಸಿರಿನ ವೇಗದ ಅಂಕಿಗಳನ್ನು ಯಾರಾದರೂ ಬರೆದಿಟ್ಟಿದ್ದರೆ, ಅಥವಾ ಸೇರುವಾಗಿನ ಸ್ಪೈರೋಮೆಟ್ರಿ (ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ) ಇದ್ದರೆ, ಅದನ್ನು ಹಿಡಿದುಕೊಂಡು ತಜ್ಞರನ್ನು ಮತ್ತೊಮ್ಮೆ ಕಾಣಿ. ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಇಟಲಿಯಲ್ಲಿ ಕುಶಲಕರ್ಮಿಗಳ ರೋಗಗಳ ಕುರಿತು ಗ್ರಂಥ ಬರೆದಾಗ, ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ 'ನೀವು ಏನು ಕೆಲಸ ಮಾಡುತ್ತೀರಿ' ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿದರು. ನಿಮ್ಮನ್ನು ತಪಾಸಣೆ ಮಾಡಿದವರು ಆ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಆ ಬಣ್ಣದಲ್ಲಿ ಏನಿದೆ ಎಂದು ನಿಮಗೆ ತಿಳಿಸಬೇಕಿತ್ತು. ತಪ್ಪು ನಿಮ್ಮೊಬ್ಬರದೇ ಅಲ್ಲ.

ಬೇಲೂರ ಬೆಳಕು

ನನ್ನದೊಂದು ಪ್ರಶ್ನೆ. ಮುಂದಿನ ವಾರ ನನ್ನ ತಪಾಸಣೆ ಇದೆ. ಕಚೇರಿ ಕೆಲಸ, ಇಡೀ ದಿನ ಕಂಪ್ಯೂಟರ್ ಮುಂದೆ. ಪರೀಕ್ಷೆಗಳ ಪಟ್ಟಿಯಲ್ಲಿ ಗರ್ಭಧಾರಣೆಯ ಪರೀಕ್ಷೆಯೂ ಎಚ್‌ಐವಿ ಪರೀಕ್ಷೆಯೂ ಇವೆ. ಇದು ಸರಿಯೇ? ಕೇಳಲು ನಾಚಿಕೆಯಾಗುತ್ತಿದೆ.

ಉದ್ಯೋಗವೈದ್ಯೆ

ನಾಚಿಕೆಪಡಬೇಕಾದವರು ನೀವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಹೆರಿಗೆ ರಕ್ಷಣೆ ಒಡಂಬಡಿಕೆ, ಅಂದರೆ 183ನೆಯದು, ಕೆಲಸಕ್ಕೆ ಅರ್ಜಿ ಹಾಕುವ ಹೆಣ್ಣಿನಿಂದ ಗರ್ಭಧಾರಣೆಯ ಪರೀಕ್ಷೆ ಕೇಳುವುದನ್ನು ನಿಷೇಧಿಸಬೇಕೆನ್ನುತ್ತದೆ. ಗರ್ಭಿಣಿಯರಿಗೆ ದೇಶದ ಕಾನೂನೇ ನಿಷೇಧಿಸಿದ ಅಥವಾ ನಿರ್ಬಂಧಿಸಿದ ಕೆಲಸ, ಇಲ್ಲವೇ ತಾಯಿಗೂ ಮಗುವಿಗೂ ಗಣನೀಯ ಅಪಾಯವಿರುವ ಕೆಲಸ, ಇವುಗಳ ವಿಷಯದಲ್ಲಿ ದೇಶದ ಕಾನೂನು ಪರೀಕ್ಷೆ ಕೇಳಿದಾಗ ಮಾತ್ರ ಅದಕ್ಕೆ ವಿನಾಯಿತಿ. ಕಂಪ್ಯೂಟರ್ ಮುಂದೆ ಕೂರುವುದು ಅಂಥ ಕೆಲಸವಲ್ಲ. ಅದೇ ಸಂಸ್ಥೆಯ 2010ರ 200ನೆಯ ಶಿಫಾರಸು, ಉದ್ಯೋಗಕ್ಕಾಗಿ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯ ಮಾಡಬಾರದು, ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸಲು ಒತ್ತಾಯಿಸಬಾರದು ಎನ್ನುತ್ತದೆ. ಇವು ಎಷ್ಟರ ಮಟ್ಟಿಗೆ ನಿಮಗೆ ಕಾನೂನಿನ ಬಲ ಕೊಡುತ್ತವೆ ಎಂಬುದು ನೀವಿರುವ ದೇಶದ ಮೇಲೆ ಹೋಗುತ್ತದೆ. ಆದರೆ ಕೇಳುವ ಹಕ್ಕು ಎಲ್ಲಿದ್ದರೂ ಇದೆ. 'ಈ ಹುದ್ದೆಗೆ ಈ ಪರೀಕ್ಷೆ ಏಕೆ ಅಗತ್ಯವೆಂದು ಲಿಖಿತವಾಗಿ ತಿಳಿಸಿ' ಎಂದು ಬರೆಯಿರಿ. ನನ್ನ ಅನುಭವದಲ್ಲಿ, ಯಾವುದೋ ಹಳೆಯ ಪಟ್ಟಿಯನ್ನು ಎಲ್ಲರಿಗೂ ಕಳುಹಿಸುತ್ತಿರುತ್ತಾರೆ. ಆ ಒಂದು ಸಾಲಿನ ಪತ್ರ ಹೋದೊಡನೆ ಪಟ್ಟಿ ಚಿಕ್ಕದಾಗುತ್ತದೆ.

ಸಂದೇಹಿ

ಹಾಗಾದರೆ ಈ ತಪಾಸಣೆಯ ಪದ್ಧತಿಯನ್ನೇ ಕೈಬಿಡಬಾರದೇಕೆ ಎಂದು ನಾನು ಕೇಳುತ್ತೇನೆ. ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2016ರ ಕೊಕ್ರೇನ್ ಸಮೀಕ್ಷೆಯನ್ನು ಓದಿದ್ದೇನೆ. ಕೆಲಸಕ್ಕೆ ಸಂಬಂಧವಿಲ್ಲದ ಸಾಮಾನ್ಯ ತಪಾಸಣೆಯಿಂದ ಅನಾರೋಗ್ಯ ರಜೆ ಕಡಿಮೆಯಾಗುತ್ತದೆ ಎನ್ನಲು ಅದರಲ್ಲಿ ಆಧಾರ ಸಿಗಲಿಲ್ಲ. ಭಾರ ಎತ್ತುವ ಕೆಲಸಕ್ಕೆ ಬರುವವರೆಲ್ಲರ ಸೊಂಟದ ಎಕ್ಸ್‌ರೇ ತೆಗೆಯುವ ಪದ್ಧತಿ ಹಿಂದೆ ಹಲವೆಡೆ ಇತ್ತು. ಯಾರಿಗೆ ಮುಂದೆ ಬೆನ್ನುನೋವು ಬರುತ್ತದೆಂದು ಅದರಿಂದ ತಿಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಅದು ಹಿಂದೆ ಸರಿಯಿತು. ಅಷ್ಟರಲ್ಲಿ ಎಷ್ಟು ಮಂದಿಯ ಕೆಲಸ ಹೋಗಿತ್ತೋ. ಎಲ್ಲ ನೆಟ್ಟಗಿರುವ ಮನುಷ್ಯನನ್ನು ಇಪ್ಪತ್ತು ಪರೀಕ್ಷೆಗಳಿಗೆ ಒಡ್ಡಿದರೆ ಯಾವುದಾದರೂ ಒಂದರಲ್ಲಿ ಅಂಕಿ ಗೆರೆ ದಾಟುವ ಸಾಧ್ಯತೆಯೇ ಹೆಚ್ಚು.

ಉದ್ಯೋಗವೈದ್ಯೆ

ನಿಮ್ಮ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ. 'ಸಹಜ ಮಿತಿ' ಎಂದು ವರದಿಯಲ್ಲಿ ಅಚ್ಚಾಗುವ ಗೆರೆಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಎಳೆದಿರುತ್ತಾರೆ; ಉಳಿದ ಐವರು ಆರೋಗ್ಯವಾಗಿದ್ದೂ ಹೊರಗೆ ಉಳಿಯುತ್ತಾರೆ. ಆದರೆ ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿತು: ಆಯಾ ಕೆಲಸದ ಅಗತ್ಯಕ್ಕೆ ತಕ್ಕಂತೆ ಮಾಡಿದ ತಪಾಸಣೆಯಿಂದ ಪ್ರಯೋಜನವಾಗಬಹುದೆಂಬ ಸೂಚನೆಗಳಿವೆ, ಆಧಾರಗಳ ಗುಣಮಟ್ಟ ಮಾತ್ರ ಇನ್ನೂ ದುರ್ಬಲ. ಆದ್ದರಿಂದ ಪದ್ಧತಿಯನ್ನು ಕೈಬಿಡುವ ಬದಲು ಪಟ್ಟಿಯನ್ನು ಚಿಕ್ಕದು ಮಾಡಬೇಕೆಂಬುದು ನನ್ನ ನಿಲುವು. ಉಸಿರು ಅವರಿಗೆ ಬೇಕಿದ್ದದ್ದು ಒಂದು ಸ್ಪೈರೋಮೆಟ್ರಿ, ಹತ್ತು ನಿಮಿಷದ ಮಾತು, ಇಪ್ಪತ್ತು ಪರೀಕ್ಷೆಗಳಲ್ಲ.

ನೇಮಕಾತಿ ವಿಭಾಗ

ನಮ್ಮ ಕಡೆಯಿಂದಲೂ ಒಂದು ಸ್ಪಷ್ಟನೆ ಕೊಡಬೇಕು. ನಮ್ಮ ಕೈಗೆ ಬರಬೇಕಾದದ್ದು ಅರ್ಹತೆಯ ತೀರ್ಮಾನ, ಷರತ್ತುಗಳಿದ್ದರೆ ಅವು. ನಿಮ್ಮ ರಕ್ತದ ಅಂಕಿಗಳಲ್ಲ, ರೋಗದ ಹೆಸರಲ್ಲ. ಅಮೆರಿಕದ 1990ರ ವಿಕಲಚೇತನರ ಕಾಯ್ದೆ ವೈದ್ಯಕೀಯ ದಾಖಲೆಗಳನ್ನು ಸಿಬ್ಬಂದಿ ಕಡತದಿಂದ ಬೇರೆಯಾಗಿಯೇ ಇಡಬೇಕೆನ್ನುತ್ತದೆ. ಕೆಲಸ ಕೊಡುವುದಾಗಿ ಹೇಳುವ ಮೊದಲು ತಪಾಸಣೆ ಮಾಡಿಸಕೂಡದು, ಆಮೇಲೆ ಮಾಡಿಸಿದರೂ ಆ ಬಗೆಯ ಹುದ್ದೆಗೆ ಸೇರುವ ಎಲ್ಲರಿಗೂ ಮಾಡಿಸಬೇಕು ಎಂದೂ ಹೇಳುತ್ತದೆ. ಕಾನೂನು ಇರಲಿ, ಇಲ್ಲದಿರಲಿ, ಈ ಮೂರೂ ನ್ಯಾಯವಾದ ಮಾತುಗಳೆಂದೇ ನಂಬಿ ನಾನು ಕೆಲಸ ಮಾಡುತ್ತೇನೆ. ವರದಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡಿ.

ಶುಶ್ರೂಷಕಿ

ಆಸ್ಪತ್ರೆಯ ಕೆಲಸಕ್ಕೆ ಸೇರುವವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಎರಡು ಸಾಲು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಮುಗಿಯಲು ಸಾಮಾನ್ಯ ಕ್ರಮದಲ್ಲಿ ಆರು ತಿಂಗಳು ಬೇಕು, ಅದಾಗಿ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ 10 mIU/mL ಅಥವಾ ಅದಕ್ಕಿಂತ ಮೇಲಿದೆಯೇ ಎಂದು ನೋಡುತ್ತಾರೆ. ಕ್ಷಯದ ಪತ್ತೆಗೆ ಕೈಯ ಚರ್ಮಕ್ಕೆ ಚುಚ್ಚಿ ಮಾಡುವ ಮಾಂಟೂ ಪರೀಕ್ಷೆಯ ಗುರುತನ್ನು 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು. ಸೇರುವ ಹಿಂದಿನ ವಾರ ಶುರು ಮಾಡಿದರೆ ಇವು ಯಾವುವೂ ಮುಗಿಯುವುದಿಲ್ಲ.

ತಂತಿಬಲ್ಲವ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ರಾಜೀನಾಮೆ ಪತ್ರವನ್ನು ತಡೆಹಿಡಿದು, ಸೇರುವ ದಿನವನ್ನು ಮುಂದೂಡಲು ಕೋರಿದೆ. ಮರುದಿನವೇ ಒಪ್ಪಿಗೆ ಬಂತು. ಫಾರ್ಮ್‌ನ ಆ ಸಾಲನ್ನು ಡಾಕ್ಟರ್ ಮೇಡಂ ಹೇಳಿದ ಮಾತುಗಳಲ್ಲೇ ತುಂಬಿದೆ. ಅಲ್ಲಿನ ವೈದ್ಯರು ಓದಿ, ಅಮ್ಮನೊಂದಿಗೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿ, ಕೆಳಗೆ ಸಹಿ ಹಾಕಿದರು. ಅಷ್ಟೇ. ಅದಕ್ಕಾಗಿ ನಾನು ಮೂರು ರಾತ್ರಿ ನಿದ್ದೆ ಬಿಟ್ಟಿದ್ದೆ. 24 ಗಂಟೆಗಳ ಬಿ.ಪಿ.ಯಲ್ಲಿ ಹಗಲಿನ ಸರಾಸರಿ 131/83 ಬಂದಿದೆ. ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಬೇಕು ಎಂದಿದ್ದಾರೆ.

ತಂತಿ ಗುರುತಿಸುವ ಪರೀಕ್ಷೆಯನ್ನು ನಾನೇ ಕೇಳಿ ಮಾಡಿಸಿಕೊಂಡೆ. ಹಸಿರುಕಂದು ಅವರು ಬರೆದದ್ದೇ ನಡೆಯಿತು: ಪೂರ್ಣ ಬೆಳಕಿನಲ್ಲಿ ಒಂದೂ ತಪ್ಪಲಿಲ್ಲ, ಮಬ್ಬಿನಲ್ಲಿ ಕಂದು ಮತ್ತು ಹಸಿರಿನಲ್ಲಿ ಒಮ್ಮೆ ಎಡವಿದೆ. ಜೋಡಿಸುವ ಮೊದಲು ಪ್ರತಿ ಎಳೆಯನ್ನೂ ಮೀಟರ್ ಹಿಡಿದು ನೋಡುವುದು, ತಲೆಗೆ ದೀಪ ಕಟ್ಟಿಕೊಳ್ಳುವುದು ನನ್ನ ಹಳೆಯ ಅಭ್ಯಾಸಗಳು. ಅವುಗಳ ಹಿಂದಿನ ಕಾರಣ ಈಗ ತಿಳಿಯಿತು. ಹಲವು ಎಳೆಗಳ ಕೇಬಲ್ ಜೋಡಿಸುವಾಗ ಇನ್ನೊಬ್ಬರು ಜೊತೆಗಿರಬೇಕೆಂಬ ಷರತ್ತಿನೊಂದಿಗೆ ಅರ್ಹ ಎಂದು ಬರೆದುಕೊಟ್ಟಿದ್ದಾರೆ. ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ, ನಿನ್ನೆ, ಹಳೆಯ ಕಡೆ ರಾಜೀನಾಮೆ ಕೊಟ್ಟೆ.

ಬಾಕಿ ಉಳಿದಿರುವುದು ಕಿವಿಯ ಮೂಲ ದಾಖಲೆ. ಅದನ್ನು ಮತ್ತೆ ತೆಗೆಯಲು ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಎಂಟಕ್ಕೆ ಬರಹೇಳಿದ್ದಾರೆ. ಮೇಲ್ವಿಚಾರಕರನ್ನು ಕೇಳಿಕೊಂಡು ಇವತ್ತು ಸಂಜೆ ಆರಕ್ಕೆ ಮುಂಚೆಯೇ ಜನರೇಟರ್ ಕೊಠಡಿಯಿಂದ ಹೊರಗೆ ಬಂದಿದ್ದೇನೆ.